ಮನೆಯ ರೌಟರು ಮತ್ತು ಕೂಟಲೇಖ: ರಕ್ಷಣೋಪಾಯಗಳ ವಿಮರ್ಶೆ

೧

ಮನೆಗಳಲ್ಲಿ ಇಂದು ಸರ್ವಸಾಧಾರಣವಾಗಿರುವ ವೈ-ಫೈ ರೌಟರನ್ನು ಪರರ ಕೈವಶವಾಗದಂತೆ ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ಕಳೆದ ಇಪ್ಪತ್ತು ವರ್ಷಗಳಲ್ಲಿ ಬಂದಿರುವ ಬರೆಹ ಅಲ್ಪವಲ್ಲ. ಸಂಶೋಧನ ಪ್ರಬಂಧಗಳಿವೆ, ತಯಾರಕರ ಸೂಚನಾಪತ್ರಗಳಿವೆ, ಸರ್ಕಾರಗಳ ಶಾಸನಗಳಿವೆ, ಗೃಹಸ್ಥರಿಗಾಗಿ ಬರೆದ ಸುಲಭ ಕೈಪಿಡಿಗಳೂ ಇವೆ. ಪ್ರಬಂಧಗಳನ್ನು ಓದುವವರು ಕೆಲವರು; ಕೈಪಿಡಿಗಳ ಮಾತು ಮಾತ್ರ ಎಲ್ಲರ ಕಿವಿಗೂ ಬಿದ್ದಿದೆ. ಅವು ಒಕ್ಕೊರಲಿನಿಂದ ಹೇಳುವುದು ಇದು: ರೌಟರಿನೊಡನೆ ಬಂದ ಪಾಸ್‌ವರ್ಡನ್ನು ಬದಲಾಯಿಸಿರಿ. ಈ ಬುದ್ಧಿವಾದ ಕೆಟ್ಟದ್ದೆಂದು ಯಾರೂ ಹೇಳಲಾರರು. ಆದರೆ ಕ್ರಾಸ್-ಸೈಟ್ ರಿಕ್ವೆಸ್ಟ್ ಫೋರ್ಜರಿ ಎಂಬ ಹೆಸರಿನ ಆಕ್ರಮಣದ ವಿಷಯದಲ್ಲಿ ಇದನ್ನೇ ಮುಖ್ಯೋಪಾಯವೆಂದು ಬಗೆದಿರುವುದು ನಿದಾನದಲ್ಲಿಯೇ ಆಗಿರುವ ತಪ್ಪೆಂದೂ, ಆ ತಪ್ಪಿನಿಂದ ತಯಾರಕನ ಹೊಣೆ ಗೃಹಸ್ಥನ ಹೆಗಲಿಗೆ ದಾಟಿದೆಯೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಷಯದ ಸ್ವರೂಪವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಮನೆಯೊಳಗಿನ ಫೋನು, ಕಂಪ್ಯೂಟರು, ಟಿ.ವಿ.ಗಳನ್ನು ಹೊರಗಿನ ಅಂತರ್ಜಾಲಕ್ಕೆ ಕೂಡಿಸುವ ಸಣ್ಣ ಪೆಟ್ಟಿಗೆಯೇ ರೌಟರು. ಅದರ ಒಳಗೂ ಒಂದು ಪುಟ್ಟ ಕಂಪ್ಯೂಟರಿದೆ; ಅದರಲ್ಲಿ ವೆಬ್ ಪುಟಗಳನ್ನು ಒದಗಿಸುವ ಒಂದು ಪುಟ್ಟ ಸರ್ವರ್ ಇದೆ. ಗೃಹಸ್ಥನು ಬ್ರೌಸರಿನಲ್ಲಿ ೧೯೨.೧೬೮.೧.೧ ಎಂದೋ ಅಂತಹುದೇ ಬೇರೊಂದು ವಿಳಾಸವನ್ನೋ ಬರೆದರೆ ರೌಟರಿನ ವ್ಯವಸ್ಥಾಪುಟ ತೆರೆದುಕೊಳ್ಳುತ್ತದೆ. ಇಂತಹ ವಿಳಾಸಗಳು ೧೯೯೬ರ ಆರ್.ಎಫ್.ಸಿ. ೧೯೧೮ ಎಂಬ ದಾಖಲೆಯಲ್ಲಿ ಖಾಸಗಿ ಜಾಲಗಳಿಗೆ ಮೀಸಲಾದವು. ಹೊರಗಿನವರು ಅವನ್ನು ನೇರವಾಗಿ ತಲಪಲಾರರು. ಆದುದರಿಂದ ಮನೆಯೊಳಗಿನಿಂದ ಬಂದ ಮಾತೆಲ್ಲ ಮನೆಯವರ ಮಾತೇ ಎಂದು ತಯಾರಕರು ನಂಬಿದರು.

ಈ ನಂಬಿಕೆಯಲ್ಲಿ ಬಿರುಕಿದೆ. ಮನೆಯೊಳಗಿರುವ ಬ್ರೌಸರು ದಿನವೂ ಹೊರಗಿನ ಪುಟಗಳನ್ನು ತರುತ್ತದೆ. ಆ ಪುಟಗಳು ಹೇಳಿದ ಕಡೆಯಿಂದ ಚಿತ್ರಗಳನ್ನು ತರುತ್ತದೆ, ಹೇಳಿದ ಕಡೆಗೆ ನಮೂನೆಗಳನ್ನು ಸಲ್ಲಿಸುತ್ತದೆ. ಹೊರಗಿನ ಪುಟವೊಂದು, ತನ್ನಲ್ಲಿ ಕಾಣಬೇಕಾದ ಚಿತ್ರ ೧೯೨.೧೬೮.೧.೧ರಲ್ಲಿದೆ ಎಂದರೆ ಬ್ರೌಸರು ಬಹುಕಾಲ ಮರುಮಾತಿಲ್ಲದೆ ಅಲ್ಲಿಗೆ ಹೋಗುತ್ತಿತ್ತು. (ಈಚಿನ ಬದಲಾವಣೆಗಳನ್ನು ಮುಂದೆ ನೋಡೋಣ.) ಆ ವಿಳಾಸದ ಬಾಲದಲ್ಲಿ ರೌಟರಿನ ಯಾವುದೋ ವ್ಯವಸ್ಥೆಯನ್ನು ಬದಲಾಯಿಸುವ ಆಜ್ಞೆ ಅಂಟಿಕೊಂಡಿದ್ದು, ಗೃಹಸ್ಥನು ಅದಕ್ಕೆ ಮೊದಲೇ ರೌಟರಿಗೆ ತನ್ನ ಗುರುತನ್ನು ಹೇಳಿಕೊಂಡಿದ್ದರೆ, ಬ್ರೌಸರು ಆ ಗುರುತನ್ನೂ ಕೋರಿಕೆಯ ಜೊತೆಗೇ ಒಯ್ಯುತ್ತದೆ, ರೌಟರು ಆಜ್ಞೆಯನ್ನು ಪಾಲಿಸುತ್ತದೆ. ಚಿತ್ರವೇನೂ ಬರುವುದಿಲ್ಲ. ಪುಟದ ಮೂಲೆಯಲ್ಲಿ ಒಂದು ಖಾಲಿ ಚೌಕ ಕಂಡರೆ ಕಂಡೀತು. ಅದಕ್ಕಿಂತ ಹೆಚ್ಚಿನ ಕುರುಹು ಗೃಹಸ್ಥನಿಗೆ ದೊರೆಯದು.

ಆಕ್ರಮಣಕಾರರು ಹೆಚ್ಚಾಗಿ ಬದಲಾಯಿಸಿರುವುದು ಡಿ.ಎನ್.ಎಸ್. ವ್ಯವಸ್ಥೆಯನ್ನು. ನಾವು ಬರೆಯುವ ಹೆಸರಿಗೆ ತಕ್ಕ ಅಂಕೆಯ ವಿಳಾಸವನ್ನು ಹುಡುಕಿಕೊಡುವುದು ಡಿ.ಎನ್.ಎಸ್. ಸರ್ವರಿನ ಕೆಲಸ. ಕಳ್ಳನ ಸರ್ವರನ್ನು ಕೇಳುವಂತೆ ರೌಟರನ್ನು ತಿರುಗಿಸಿಬಿಟ್ಟರೆ, ಬ್ಯಾಂಕಿನ ಹೆಸರನ್ನು ಸರಿಯಾಗಿಯೇ ಬರೆದವನು ಕಳ್ಳನ ಯಂತ್ರದ ಮುಂದೆ ಹೋಗಿ ನಿಲ್ಲುತ್ತಾನೆ. ರೌಟರು ಈ ಸರ್ವರಿನ ವಿಳಾಸವನ್ನು ಮನೆಯ ಎಲ್ಲ ಸಾಧನಗಳಿಗೂ ಹಂಚುವುದರಿಂದ, ಒಬ್ಬರ ಕಂಪ್ಯೂಟರಿನಲ್ಲಿ ತೆರೆದ ಪುಟದ ಫಲವನ್ನು ಮನೆಮಂದಿಯೆಲ್ಲ ಉಣ್ಣಬೇಕಾಗುತ್ತದೆ. ಕಂಪ್ಯೂಟರಿನೊಳಗೆ ಏನೂ ಬದಲಾಗಿರದ ಕಾರಣ ವೈರಸ್ ಶೋಧಕ ತಂತ್ರಾಂಶಕ್ಕೆ ಅಲ್ಲಿ ಹಿಡಿಯುವುದಕ್ಕೆ ಏನೂ ಸಿಕ್ಕದು. ಈಚಿನ ವರ್ಷಗಳಲ್ಲಿ ಬ್ಯಾಂಕು ಮೊದಲಾದ ತಾಣಗಳೆಲ್ಲ ಗೂಢಲಿಪಿಯ ಸಂಪರ್ಕಕ್ಕೆ ಬಂದಿರುವುದರಿಂದ ಬ್ರೌಸರು ಎಚ್ಚರಿಕೆಯ ಮಾತನ್ನು ತೋರಿಸುವುದುಂಟು. ಆದರೂ ರೌಟರೊಮ್ಮೆ ವಶವಾದ ಮೇಲೆ ಅದರ ಬಾಗಿಲನ್ನು ಹೊರಗಿನವರಿಗೆ ತೆರೆದಿಡುವುದೇ ಮೊದಲಾದ ಕೇಡುಗಳಿಗೆ ಅದು ತಡೆಯಾಗುವುದಿಲ್ಲ.

೨

ಈ ಆಕ್ರಮಣಕ್ಕೆ ಈಗಿನ ಹೆಸರನ್ನು ೨೦೦೧ರಲ್ಲಿ ಬಳಕೆಗೆ ತಂದವರು ಪೀಟರ್ ವಾಟ್ಕಿನ್ಸ್. ಹೆಸರಿನ ಕೊನೆಯಲ್ಲಿರುವ 'ಫೋರ್ಜರಿ' ಎಂಬ ಮಾತು ವಿಮರ್ಶೆಗೆ ಅರ್ಹವಾದುದು. ಖೋಟಾ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಸುಳ್ಳು ರುಜು, ಸುಳ್ಳು ಮೊಹರು. ಇಲ್ಲಿ ರುಜುವೂ ನಿಜ, ಮೊಹರೂ ನಿಜ. ಕೋರಿಕೆಯನ್ನು ಒಯ್ದದ್ದು ಗೃಹಸ್ಥನ ಬ್ರೌಸರೇ. ಅದು ಒಪ್ಪಿಸಿದ್ದು ಗೃಹಸ್ಥನ ಪಾಸ್‌ವರ್ಡನ್ನೇ. ಸುಳ್ಳಾದುದು ಅವನ ಸಂಕಲ್ಪವೊಂದೇ.

ಸಂಸ್ಕೃತ ನಾಟಕವನ್ನು ಬಲ್ಲ ವಾಚಕರಿಗೆ ಇಲ್ಲಿ ವಿಶಾಖದತ್ತನ ಮುದ್ರಾರಾಕ್ಷಸ ನೆನಪಾಗದೆ ಇರದು. ಆ ಕಥೆಯನ್ನೇ ಕೆಂಪುನಾರಾಯಣನು ೧೮೨೩ರಲ್ಲಿ ಮುದ್ರಾಮಂಜೂಷವೆಂಬ ಹೆಸರಿನಿಂದ ಕನ್ನಡ ಗದ್ಯದಲ್ಲಿ ಬರೆದನು. ನಾಟಕದಲ್ಲಿ ಚಾಣಕ್ಯನ ಕೈಗೆ ರಾಕ್ಷಸಾಮಾತ್ಯನ ಮುದ್ರೆಯುಂಗುರ ದೊರೆಯುತ್ತದೆ. ರಾಕ್ಷಸನ ಮಿತ್ರನಾದ ಶಕಟದಾಸನಿಂದಲೇ, ಉದ್ದೇಶವೇನೆಂದು ಅವನಿಗೆ ತಿಳಿಯದಂತೆ, ಒಂದು ಪತ್ರವನ್ನು ಬರೆಯಿಸಿ ಆ ಉಂಗುರದಿಂದ ಮುದ್ರೆಯನ್ನೊತ್ತಿಸುತ್ತಾನೆ. ಪತ್ರ ಮಲಯಕೇತುವಿನ ಕೈಸೇರುತ್ತದೆ. ಅವನು ಪರೀಕ್ಷೆ ಮಾಡದೆ ನಂಬಿದವನಲ್ಲ; ಅಕ್ಷರವನ್ನು ಹೋಲಿಸಿ ನೋಡುತ್ತಾನೆ, ಮುದ್ರೆಯನ್ನು ನೋಡುತ್ತಾನೆ. ಎರಡೂ ನಿಜವಾದವೇ. ಆದುದರಿಂದಲೇ ಮೋಸಹೋಗಿ ರಾಕ್ಷಸನನ್ನು ದೂರಮಾಡುತ್ತಾನೆ. ನಮ್ಮ ರೌಟರು ಈ ಮಲಯಕೇತುವಿನ ಸ್ಥಾನದಲ್ಲಿದೆ. ಮುದ್ರೆಯನ್ನು ಇನ್ನಷ್ಟು ಜಟಿಲವಾಗಿ ಕೆತ್ತಿಸಿದ್ದರೆ ರಾಕ್ಷಸನಿಗೆ ಏನಾದರೂ ಪ್ರಯೋಜನವಾಗುತ್ತಿತ್ತೆ? ಉಂಗುರ ಪರರ ಕೆಲಸಕ್ಕೆ ಒದಗುತ್ತಿರುವಾಗ ಕೆತ್ತನೆಯ ಸೂಕ್ಷ್ಮತೆಯಿಂದ ಫಲವಿಲ್ಲ. ಪಾಸ್‌ವರ್ಡಿಗೆ ಅಕ್ಷರಗಳನ್ನೂ ಅಂಕೆಗಳನ್ನೂ ಚಿಹ್ನೆಗಳನ್ನೂ ಸೇರಿಸಿರೆಂಬ ಉಪದೇಶಕ್ಕೂ ಈ ಸಂದರ್ಭದಲ್ಲಿ ಇಷ್ಟೇ ಬೆಲೆ.

ಶಾಸ್ತ್ರದೃಷ್ಟಿಯಿಂದ ಇದೇ ದೋಷವನ್ನು ಹೆಚ್ಚು ನಿಷ್ಕೃಷ್ಟವಾಗಿ ಹೆಸರಿಸಿದವರು ನಾರ್ಮ್ ಹಾರ್ಡಿ. ೧೯೮೮ರ ತಮ್ಮ ಚಿಕ್ಕ ಪ್ರಬಂಧದಲ್ಲಿ ಅವರು ಒಂದು ಕಂಪೈಲರಿನ ಸಂಗತಿಯನ್ನು ವಿವರಿಸಿದರು. ಆ ಕಂಪೈಲರಿಗೆ ತನ್ನ ಬಳಕೆಯ ಅಂಕಿ-ಅಂಶಗಳನ್ನು ಬರೆದಿಡುವುದಕ್ಕಾಗಿ ಒಂದು ವಿಶೇಷ ಕಡತಕೋಶದಲ್ಲಿ ಬರೆಯುವ ಅಧಿಕಾರವಿತ್ತು. ಲೆಕ್ಕಪತ್ರದ ಕಡತವೂ ಅದೇ ಕೋಶದಲ್ಲಿತ್ತು. ಬಳಕೆದಾರನೊಬ್ಬನು ತನ್ನ ಕಾರ್ಯಕ್ರಮದ ವಿವರಗಳನ್ನು ಬರೆಯಬೇಕಾದ ಕಡತವೆಂದು ಆ ಲೆಕ್ಕಪತ್ರದ ಹೆಸರನ್ನೇ ಸೂಚಿಸಿದಾಗ, ಕಂಪೈಲರು ತನ್ನ ಅಧಿಕಾರವನ್ನು ಬಳಸಿ ಲೆಕ್ಕವನ್ನು ಅಳಿಸಿ ಅದರ ಮೇಲೆ ಬರೆಯಿತು. ಇಬ್ಬರು ಯಜಮಾನರ ಕೆಲಸವನ್ನು ಏಕಕಾಲದಲ್ಲಿ ಮಾಡುವ ಇಂತಹ ಆಳನ್ನು ಹಾರ್ಡಿಯವರು ಗಲಿಬಿಲಿಗೊಂಡ ಪ್ರತಿನಿಧಿ ಎಂದು ಕರೆದರು. ತಾನು ಈಗ ಯಾರ ಅಧಿಕಾರವನ್ನು ಯಾರ ಮಾತಿನ ಮೇಲೆ ಚಲಾಯಿಸುತ್ತಿದ್ದೇನೆ ಎಂಬ ವಿವೇಕ ಆ ಆಳಿಗಿಲ್ಲ. ಬ್ರೌಸರಿನ ಅವಸ್ಥೆಯೂ ಇದೇ. ವಾಟ್ಕಿನ್ಸರ ಹೆಸರು ಅಪರಾಧಿಯ ಕಡೆಗೆ ಬೊಟ್ಟುಮಾಡುತ್ತದೆ. ಹಾರ್ಡಿಯವರ ಹೆಸರು ವ್ಯವಸ್ಥೆಯ ರಚನೆಯ ಕಡೆಗೆ. ಎರಡನೆಯದೇ ನಿದಾನಕ್ಕೆ ಹೆಚ್ಚು ಉಪಯುಕ್ತವೆಂದು ನಮ್ಮ ಅಭಿಪ್ರಾಯ.

೩

ಮನೆಯ ರೌಟರುಗಳ ಮೇಲಿನ ಈ ಬಗೆಯ ಆಕ್ರಮಣವನ್ನು ವಿದ್ವಲ್ಲೋಕದ ಗಮನಕ್ಕೆ ತಂದುದು ಸಿಡ್ ಸ್ಟ್ಯಾಮ್, ಜುಲ್ಫಿಕರ್ ರಂಜಾನ್, ಮಾರ್ಕಸ್ ಯಾಕೊಬ್ಸನ್ ಇವರು ಬರೆದು ೨೦೦೬ರ ಡಿಸೆಂಬರಿನಲ್ಲಿ ಇಂಡಿಯಾನ ವಿಶ್ವವಿದ್ಯಾಲಯದ ತಾಂತ್ರಿಕ ವರದಿಯಾಗಿ ಹೊರಬಂದ 'ಡ್ರೈವ್-ಬೈ ಫಾರ್ಮಿಂಗ್' ಎಂಬ ಪ್ರಬಂಧ. ಒಂದು ಪುಟವನ್ನು ನೋಡಿದ ಮಾತ್ರಕ್ಕೆ, ಅದರಲ್ಲಿನ ಜಾವಾಸ್ಕ್ರಿಪ್ಟು ಮನೆಯೊಳಗಿನ ರೌಟರನ್ನು ಹುಡುಕಿ, ಅದರ ಜಾತಿಯನ್ನು ಗುರುತಿಸಿ, ತಯಾರಕನು ಕೊಟ್ಟ ಪಾಸ್‌ವರ್ಡನ್ನು ಪ್ರಯೋಗಿಸಿ ಡಿ.ಎನ್.ಎಸ್. ವ್ಯವಸ್ಥೆಯನ್ನು ಬದಲಾಯಿಸಬಲ್ಲದೆಂದು ಅವರು ತೋರಿಸಿಕೊಟ್ಟರು. ಹಂತಗಳನ್ನು ಒಂದೊಂದಾಗಿ ಜೋಡಿಸಿರುವ ಅವರ ಕ್ರಮ ಮೆಚ್ಚತಕ್ಕದ್ದು. ಅದರ ಹಿಂದೆ ಬಿಡಿಬಿಡಿಯಾಗಿ ತಿಳಿದಿದ್ದ ಸಂಗತಿಗಳು ಇಲ್ಲಿ ಒಂದು ಸರಪಳಿಯಾದುವು. ಪ್ರಬಂಧದಲ್ಲಿ ತಯಾರಕರೂ ಸೇವಾದಾರರೂ ಮಾಡಬಹುದಾದ ಪ್ರತಿಕಾರಗಳ ಚರ್ಚೆಯೂ ಇದೆ. ಆದರೆ ೨೦೦೭ರಲ್ಲಿ ವಿಷಯ ಪತ್ರಿಕೆಗಳಿಗೆ ಬಂದಾಗ ಉಳಿದುಕೊಂಡದ್ದು ಪಾಸ್‌ವರ್ಡನ್ನು ಬದಲಾಯಿಸಿರೆಂಬ ಒಂದು ವಾಕ್ಯ ಮಾತ್ರ. ಪ್ರಬಂಧದ ಒಂದು ಹಂತಕ್ಕೆ ಮಾತ್ರ ಸಲ್ಲುವ ಪರಿಹಾರ ಇಡೀ ರೋಗದ ಪರಿಹಾರವೆಂದು ಪ್ರಚಾರವಾಯಿತು.

೨೦೦೮ರ ಜನವರಿಯಲ್ಲಿ ಇದೇ ರಂಜಾನರು ಮೆಕ್ಸಿಕೋ ದೇಶದಲ್ಲಿ ನಡೆದ ನಿಜವಾದ ಆಕ್ರಮಣವೊಂದನ್ನು ವರದಿಮಾಡಿದರು. ಅಲ್ಲಿ ಶುಭಾಶಯಪತ್ರದ ಸೋಗಿನ ಒಂದು ಮಿಂಚಂಚೆ ಬರುತ್ತಿತ್ತು. ಅದರಲ್ಲಿದ್ದ ಚಿತ್ರದ ಗುರುತೇ ಆಜ್ಞೆ. ಆ ದೇಶದಲ್ಲಿ ಬಹಳವಾಗಿ ಬಳಕೆಯಲ್ಲಿದ್ದ ಒಂದು ರೌಟರು ಅದನ್ನು ಪಾಲಿಸಿ, ಅಲ್ಲಿನ ಒಂದು ದೊಡ್ಡ ಬ್ಯಾಂಕಿನ ಹೆಸರನ್ನು ಕಳ್ಳರ ಯಂತ್ರಕ್ಕೆ ತಿರುಗಿಸುತ್ತಿತ್ತು. ಪ್ರಬಂಧದಲ್ಲಿ ವರ್ಣಿಸಿದ ಜಾವಾಸ್ಕ್ರಿಪ್ಟಿನ ಚಮತ್ಕಾರಗಳೊಂದೂ ಇಲ್ಲಿ ಬೇಕಾಗಲಿಲ್ಲ. ಒಂದು ಚಿತ್ರದ ಗುರುತು ಸಾಕಾಯಿತು.

ನಮ್ಮ ವಾದಕ್ಕೆ ಇನ್ನೂ ಹೆಚ್ಚಿನ ಬೆಳಕನ್ನು ಕೊಡುವುದು ೨೦೧೩ರ ಅಕ್ಟೋಬರಿನಲ್ಲಿ ಯಾಕೋಬ್ ಲೆಲ್ ಅವರು ಪ್ರಕಟಿಸಿದ ವಿಶ್ಲೇಷಣೆ. ಟಿ.ಪಿ.-ಲಿಂಕ್ ತಯಾರಿಕೆಯ ಕೆಲವು ರೌಟರುಗಳ ಮೇಲೆ ಆಗ ನಡೆಯುತ್ತಿದ್ದ ಆಕ್ರಮಣವನ್ನು ಅವರು ಪರಿಶೀಲಿಸಿದರು. ಕಳ್ಳರ ಪುಟದಲ್ಲಿದ್ದ ವಿಳಾಸದೊಳಗೆ ತಯಾರಕರ ಮೂಲ ಹೆಸರು ಮತ್ತು ಪಾಸ್‌ವರ್ಡುಗಳನ್ನು ಸೇರಿಸಲಾಗಿತ್ತು. ಮೇಲುನೋಟಕ್ಕೆ, ಪಾಸ್‌ವರ್ಡನ್ನು ಬದಲಾಯಿಸಿದವನು ಸುರಕ್ಷಿತನೆಂದು ತೋರುತ್ತದೆ. ಆದರೆ ಬ್ರೌಸರಿನ ನಡೆವಳಿಕೆ ಬೇರೆ. ವಿಳಾಸದಲ್ಲಿ ಪಾಸ್‌ವರ್ಡನ್ನು ಕೊಟ್ಟಿದ್ದರೂ ಬ್ರೌಸರು ಮೊದಲು ತನ್ನ ನೆನಪಿನಲ್ಲಿರುವ ಪಾಸ್‌ವರ್ಡನ್ನೇ ಒಪ್ಪಿಸಿ ನೋಡುತ್ತಿತ್ತು. ರೌಟರು ನಿರಾಕರಿಸಿದರೆ ಮಾತ್ರ ವಿಳಾಸದಲ್ಲಿದ್ದುದನ್ನು ಬಳಸುತ್ತಿತ್ತು. ಎಂದರೆ ಎಚ್ಚರಿಕೆಯ ಗೃಹಸ್ಥನು ಕಷ್ಟಪಟ್ಟು ಆರಿಸಿದ ಪಾಸ್‌ವರ್ಡೇ, ಅವನು ಆ ಹೊತ್ತಿಗೆ ರೌಟರಿಗೆ ಒಮ್ಮೆ ಪ್ರವೇಶಿಸಿದ್ದ ಪಕ್ಷದಲ್ಲಿ, ಕಳ್ಳನ ಆಜ್ಞೆಗೆ ಮೊದಲ ಮುದ್ರೆಯಾಗಿ ಬೀಳುತ್ತಿತ್ತು. ಕಳ್ಳರ ಜಾಣತನದ ಇನ್ನೊಂದು ಗುರುತನ್ನು ಲೆಲ್ ಅವರೇ ತೋರಿಸಿದ್ದಾರೆ. ಮೊದಲನೆಯ ಡಿ.ಎನ್.ಎಸ್. ಸರ್ವರು ಕಳ್ಳರದಾದರೆ ಎರಡನೆಯದು ಗೂಗಲ್ ಸಂಸ್ಥೆಯ ೮.೮.೮.೮. ಕಳ್ಳರ ಯಂತ್ರ ಕೆಟ್ಟು ನಿಂತರೂ ಗೃಹಸ್ಥನ ಸಂಪರ್ಕ ಕೆಡದು. ಅವನಿಗೆ ಸಂಶಯವೂ ಹುಟ್ಟದು.

೨೦೧೪ರ ಮಾರ್ಚಿನಲ್ಲಿ ಟೀಮ್ ಕಿಮ್ರು ಎಂಬ ಸಂಸ್ಥೆ ಪ್ರಕಟಿಸಿದ ವರದಿಯನ್ನು ಈ ಪ್ರಸಂಗದಲ್ಲಿ ಬಹುಮಂದಿ ಉಲ್ಲೇಖಿಸುತ್ತಾರೆ. ೩,೦೦,೦೦೦ಕ್ಕಿಂತ ಹೆಚ್ಚು ರೌಟರುಗಳ ಡಿ.ಎನ್.ಎಸ್. ವ್ಯವಸ್ಥೆ ಬದಲಾಗಿದ್ದುದನ್ನು ಆ ಸಂಸ್ಥೆ ಗುರುತಿಸಿತ್ತು. ಸಂಖ್ಯೆ ದೊಡ್ಡದು, ಆದರೆ ಅದೆಲ್ಲವನ್ನೂ ಕೂಟಕೋರಿಕೆಯ ಲೆಕ್ಕಕ್ಕೆ ಬರೆಯುವುದು ಸಾಧುವಲ್ಲ. ಬೇರೆ ದೋಷಗಳಿಂದಲೂ, ಮುಖ್ಯವಾಗಿ ವ್ಯವಸ್ಥೆಯ ಕಡತವನ್ನು ಪಾಸ್‌ವರ್ಡಿಲ್ಲದೆ ಹೊರಗಿನವರಿಗೆ ಬಿಟ್ಟುಕೊಡುವ ದೋಷದಿಂದಲೂ, ರೌಟರುಗಳು ವಶವಾಗಿರಬಹುದೆಂಬುದನ್ನು ಆ ವರದಿಯೇ ಚರ್ಚಿಸಿದೆ. ಮೂಲವನ್ನು ಓದದೆ ಸಂಖ್ಯೆಯನ್ನು ಮಾತ್ರ ಎತ್ತಿಕೊಳ್ಳುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ ಕಾಣುತ್ತಿರುವುದರಿಂದ ಇಷ್ಟನ್ನು ಹೇಳಬೇಕಾಯಿತು.

ಕೈಪಿಡಿಗಳ ಎರಡನೆಯ ಉಪದೇಶ, ಕೆಲಸ ಮುಗಿದೊಡನೆ ರೌಟರಿನಿಂದ ನಿರ್ಗಮಿಸಿರಿ ಎಂಬುದು. ಆಕ್ರಮಣಕ್ಕೆ ನೆನಪಿನಲ್ಲಿರುವ ಗುರುತೇ ಆಧಾರವಾದುದರಿಂದ ಇದು ಯುಕ್ತವೇ. ಆದರೆ ಪಾಲಿಸುವ ಮಾರ್ಗವೇನು? ಮೇಲೆ ಹೇಳಿದ ಕಾಲದ ರೌಟರುಗಳಲ್ಲಿ ಬಹಳಷ್ಟು ಎಚ್.ಟಿ.ಟಿ.ಪಿ.ಯ 'ಬೇಸಿಕ್' ಪದ್ಧತಿಯಿಂದ ಗುರುತನ್ನು ಕೇಳುತ್ತಿದ್ದುವು. ಬ್ರೌಸರೇ ಒಂದು ಚಿಕ್ಕ ಕಿಟಕಿಯನ್ನು ತೆರೆದು ಹೆಸರು, ಪಾಸ್‌ವರ್ಡುಗಳನ್ನು ಕೇಳುವ ಪದ್ಧತಿಯಿದು. ಈ ಪದ್ಧತಿಯಲ್ಲಿ ಪ್ರವೇಶವುಂಟು, ನಿರ್ಗಮನವಿಲ್ಲ. ಒಮ್ಮೆ ಕೊಟ್ಟ ಪಾಸ್‌ವರ್ಡನ್ನು ಬ್ರೌಸರು ತನ್ನನ್ನು ಪೂರ್ತಿಯಾಗಿ ಮುಚ್ಚುವವರೆಗೆ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಮರೆ ಎಂದು ಹೇಳುವುದಕ್ಕೆ ಆ ಪದ್ಧತಿಯಲ್ಲಿ ಗೊತ್ತಾದ ಕ್ರಮವೇ ಇಲ್ಲ. ಇಲ್ಲದ ಬಾಗಿಲನ್ನು ಹಾಕಿಕೊಳ್ಳಿರೆಂದು ಹೇಳಿ, ಹಾಕಿಕೊಳ್ಳದವನನ್ನು ಅಜಾಗರೂಕನೆಂದು ದೂರುವುದು ಎಷ್ಟರಮಟ್ಟಿಗೆ ನ್ಯಾಯ?

ಹಾಗೆಂದು ಗೃಹಸ್ಥನು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ರೌಟರಿನ ಕೆಲಸಕ್ಕಾಗಿ ಬೇರೆಯೇ ಒಂದು ಬ್ರೌಸರನ್ನೋ ಅಥವಾ ಖಾಸಗಿ ಕಿಟಕಿಯನ್ನೋ ತೆರೆದು, ಆ ಹೊತ್ತಿನಲ್ಲಿ ಅದರಲ್ಲಿ ಬೇರೆ ಪುಟವನ್ನು ನೋಡದೆ, ಮುಗಿದ ಮೇಲೆ ಅದನ್ನು ಮುಚ್ಚಿಬಿಡುವ ಅಭ್ಯಾಸ ನಿಜವಾಗಿಯೂ ಫಲಕಾರಿ. ಒಂದು ಬ್ರೌಸರಿನ ನೆನಪು ಇನ್ನೊಂದಕ್ಕೆ ತಿಳಿಯದು. ಇಷ್ಟು ಸರಳವಾದ ಮಾತು ಕೈಪಿಡಿಗಳಲ್ಲಿ ಅಪರೂಪವಾಗಿರುವುದು ಆಶ್ಚರ್ಯ. ರೌಟರಿನ ವಿಳಾಸವನ್ನು ಬದಲಾಯಿಸಿರೆಂಬ ಉಪದೇಶಕ್ಕೆ ಮಾತ್ರ ಹೆಚ್ಚಿನ ಬೆಲೆಯಿಲ್ಲ. ಪುಟವೊಂದು ಅನೇಕ ವಿಳಾಸಗಳನ್ನು ಒಂದರ ಹಿಂದೊಂದರಂತೆ ಕ್ಷಣಮಾತ್ರದಲ್ಲಿ ಪ್ರಯತ್ನಿಸಬಲ್ಲದು.

ಪಾಸ್‌ವರ್ಡಿನ ಬದಲಾವಣೆಗೆ ನಿಜವಾದ ಸ್ಥಾನವಿರುವುದು ಬೇರೆ ಕಡೆಯಲ್ಲಿ. ಡಿ.ಎನ್.ಎಸ್. ರೀಬೈಂಡಿಂಗ್ ಎಂಬ ಇನ್ನೊಂದು ಆಕ್ರಮಣವಿದೆ. ೨೦೦೭ರಲ್ಲಿ ಸ್ಟ್ಯಾನ್‌ಫರ್ಡಿನ ವಿದ್ವಾಂಸರು ಇದನ್ನು ವಿಸ್ತಾರವಾಗಿ ಪರಿಶೀಲಿಸಿದರು, ೨೦೧೦ರಲ್ಲಿ ಕ್ರೇಗ್ ಹೆಫ್ನರ್ ಮನೆಯ ರೌಟರುಗಳಿಗೆ ಅದನ್ನು ಅನ್ವಯಿಸಿ ತೋರಿಸಿದರು. ಇದರಲ್ಲಿ ಕಳ್ಳನು ತನ್ನ ತಾಣದ ಹೆಸರನ್ನೇ ರೌಟರಿನ ವಿಳಾಸಕ್ಕೆ ಹೊಂದಿಸಿ, ತನ್ನ ಪುಟವೂ ರೌಟರಿನ ಪುಟವೂ ಒಂದೇ ತಾಣದವೆಂದು ಬ್ರೌಸರನ್ನು ನಂಬಿಸುತ್ತಾನೆ. ಆಗ ರೌಟರಿನ ಪುಟವನ್ನು ಓದುವ ಶಕ್ತಿಯೂ ಅವನಿಗೆ ಬರುತ್ತದೆ. ಆದರೆ ಬ್ರೌಸರು ಪಾಸ್‌ವರ್ಡನ್ನು ನೆನಪಿಡುವುದು ತಾಣದ ಹೆಸರಿಗನುಸಾರವಾಗಿ. ಹೆಸರು ಬೇರೆಯಾದುದರಿಂದ ಗೃಹಸ್ಥನ ಪಾಸ್‌ವರ್ಡು ಈ ಕಳ್ಳನಿಗೆ ಒದಗದು, ಅವನು ಊಹಿಸಿಯೇ ತೀರಬೇಕು. ಊಹೆಗೆ ನಿಲುಕದ ಪಾಸ್‌ವರ್ಡು ಇಲ್ಲಿ ಗಟ್ಟಿಯಾದ ತಡೆ. ಔಷಧ ಒಳ್ಳೆಯದೇ, ಚೀಟಿಯಲ್ಲಿ ಬರೆದ ರೋಗದ ಹೆಸರು ಬೇರೆ.

೪

ಹಾಗಾದರೆ ಕೂಟಕೋರಿಕೆಗೆ ಮದ್ದೆಲ್ಲಿ? ರೌಟರಿನ ಪುಟವನ್ನು ಬರೆಯುವವನ ಕೈಯಲ್ಲಿ. ಇದಕ್ಕೆ ಹೊಸ ಶಾಸ್ತ್ರವೇನೂ ಬೇಕಾಗಿರಲಿಲ್ಲ. ಪುಟವನ್ನು ಓದುವ ಕೋರಿಕೆಯಾದ 'ಗೆಟ್' ಎಂಬುದು ಯಾವ ಬದಲಾವಣೆಗೂ ಕಾರಣವಾಗಬಾರದೆಂಬ ವಿಧಿ ೧೯೯೯ರ ಆರ್.ಎಫ್.ಸಿ. ೨೬೧೬ರಲ್ಲಿಯೇ ಸ್ಪಷ್ಟವಾಗಿದೆ. ಮೆಕ್ಸಿಕೋದ ರೌಟರೂ ಲೆಲ್ ಅವರು ಕಂಡ ರೌಟರುಗಳೂ ಈ ವಿಧಿಯನ್ನು ಮೀರಿದ್ದುವು; ಅದಿಲ್ಲದಿದ್ದರೆ ಚಿತ್ರದ ಗುರುತಿನಿಂದ ಆಜ್ಞೆ ನಡೆಯುತ್ತಿರಲಿಲ್ಲ. ಆದರೆ ಬದಲಾವಣೆಗಳನ್ನು 'ಪೋಸ್ಟ್' ಎಂಬ ಕೋರಿಕೆಗೆ ಮೀಸಲಿಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸುವವರಿದ್ದಾರೆ. ಅದು ಸರಿಯಲ್ಲ, ಹೊರಗಿನ ಪುಟವೊಂದು ನಮೂನೆಯನ್ನು ರಚಿಸಿ ಅದನ್ನು ತಾನಾಗಿಯೇ ರೌಟರಿಗೆ ಸಲ್ಲಿಸುವಂತೆ ಮಾಡಬಲ್ಲದು.

ವಿಲಿಯಂ ಜೆಲ್ಲರ್ ಮತ್ತು ಎಡ್ವರ್ಡ್ ಫೆಲ್ಟನ್ ೨೦೦೮ರಲ್ಲಿ ಪ್ರಿನ್ಸ್‌ಟನ್ನಿನಿಂದ ಪ್ರಕಟಿಸಿದ ಪ್ರಬಂಧ ಈ ಎರಡು ವಿಧಿಗಳನ್ನೂ ಕೂಡಿಸಿ ಹೇಳುತ್ತದೆ: ಗೆಟ್ ಓದಿಗೆ ಮಾತ್ರ, ಪ್ರತಿಯೊಂದು ಪೋಸ್ಟಿನೊಡನೆಯೂ ಊಹಿಸಲಾಗದ ಒಂದು ಗುಪ್ತಾಂಕ ಬರತಕ್ಕದ್ದು. ಅವರು ದೋಷವನ್ನು ಕಂಡುದು ಸಣ್ಣಪುಟ್ಟ ತಾಣಗಳಲ್ಲಿ ಮಾತ್ರವಲ್ಲ, ಯೂಟ್ಯೂಬಿನಲ್ಲಿ ಮತ್ತು ಹೆಸರಾಂತ ಬ್ಯಾಂಕೊಂದರ ತಾಣದಲ್ಲಿಯೂ. ಗುಪ್ತಾಂಕದ ತತ್ತ್ವ ಸರಳವಾದುದು. ರೌಟರು ತನ್ನ ನಮೂನೆಯನ್ನು ಕಳುಹಿಸುವಾಗ ಅದರೊಳಗೆ ಒಂದು ಅಂಕವನ್ನು ಅಡಗಿಸಿಡುತ್ತದೆ. ನಮೂನೆ ಹಿಂದಿರುಗಿದಾಗ ಅದೇ ಅಂಕ ಇದೆಯೇ ಎಂದು ನೋಡುತ್ತದೆ. ಹೊರಗಿನ ಪುಟ ರೌಟರಿಗೆ ಕೋರಿಕೆಯನ್ನು ಕಳುಹಿಸಬಲ್ಲದಾದರೂ ರೌಟರಿನ ಪುಟವನ್ನು ಓದಲಾರದು. ಒಂದು ತಾಣದ ಪುಟವನ್ನು ಇನ್ನೊಂದು ತಾಣ ಓದಕೂಡದೆಂಬ ನಿಯಮ ಬ್ರೌಸರುಗಳಲ್ಲಿ ೧೯೯೦ರ ದಶಕದಿಂದ ಇದೆ. ಆದುದರಿಂದ ಅಂಕವನ್ನು ತಿಳಿಯುವ ದಾರಿ ಅದಕ್ಕಿಲ್ಲ. ಇಲ್ಲಿ ರೌಟರು ಕೇಳುವ ಪ್ರಶ್ನೆ 'ನೀನು ಯಾರು' ಎಂಬುದಲ್ಲ, 'ಈ ಮಾತು ನನ್ನದೇ ಪುಟದಿಂದ ಹೊರಟಿತೆ' ಎಂಬುದು. ಮಲಯಕೇತು ಕೇಳಬೇಕಾಗಿದ್ದುದೂ ಇದನ್ನೇ.

ಆದರೆ ಗುಪ್ತಾಂಕ ನಿಜವಾಗಿಯೂ ಊಹಾತೀತವಾಗಿರಬೇಕು. ನಾಡಿಯಾ ಹೆನಿಂಗರ್ ಮತ್ತು ಸಂಗಡಿಗರು ೨೦೧೨ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ರೌಟರಿನಂತಹ ಸಣ್ಣ ಸಾಧನಗಳು ಆಗತಾನೆ ಚಾಲನೆಗೊಂಡಾಗ ಅವುಗಳಿಗೆ ಸಾಕಷ್ಟು ಯಾದೃಚ್ಛಿಕತೆ ದೊರೆಯದೆ, ಬೇರೆ ಬೇರೆ ಸಾಧನಗಳು ಒಂದೇ ಗೂಢಕೀಲಿಯನ್ನು ರಚಿಸಿಕೊಂಡುದು ಬೆಳಕಿಗೆ ಬಂತು. ಅವರ ವಿಷಯ ಗೂಢಕೀಲಿಗಳಾದರೂ ಎಚ್ಚರಿಕೆ ಗುಪ್ತಾಂಕಗಳಿಗೂ ಸಲ್ಲುತ್ತದೆ. ಪೆಟ್ಟಿಗೆ ಹೊತ್ತಿಕೊಂಡ ಸಮಯವನ್ನೇ ಬೀಜವಾಗಿಟ್ಟುಕೊಂಡು ಅಂಕವನ್ನು ಮಾಡಿದರೆ ಅದು ಗುಪ್ತವಾಗಿ ಉಳಿಯದು. ಕೆಲವು ರೌಟರುಗಳಲ್ಲಿ ಅಂಕವನ್ನು ನಮೂನೆಯಲ್ಲಿ ಅಡಗಿಸುವ ಬದಲು ಪುಟದ ವಿಳಾಸದಲ್ಲಿಯೇ ಸೇರಿಸುವ ಕ್ರಮವುಂಟು. ಏನೂ ಇಲ್ಲದಿರುವುದಕ್ಕಿಂತ ಇದು ಮೇಲು. ಆದರೂ ವಿಳಾಸವೆಂಬುದು ಬ್ರೌಸರಿನ ಇತಿಹಾಸದಲ್ಲಿ ಉಳಿಯುವ, ಕೆಲವೊಮ್ಮೆ ಹೊರಗಿನ ತಾಣಗಳಿಗೂ ತಿಳಿದುಹೋಗುವ ವಸ್ತು. ಗುಟ್ಟನ್ನು ಲಕೋಟೆಯ ಮೇಲೆ ಬರೆದಂತಾಯಿತು.

ಇನ್ನೊಂದು ಮಾರ್ಗ, ಕೋರಿಕೆ ಎಲ್ಲಿಂದ ಹೊರಟಿತೆಂಬುದನ್ನು ಅದರ ತಲೆಬರಹದಿಂದ ತಿಳಿಯುವುದು. 'ರೆಫರರ್' ಎಂಬ ತಲೆಬರಹ ಈ ಮಾಹಿತಿಯನ್ನು ಒಯ್ಯುತ್ತದೆ. (ಇಂಗ್ಲಿಷಿನಲ್ಲಿ ಈ ಪದದ ಒಂದು ಅಕ್ಷರ ಮೂಲ ದಾಖಲೆಯಲ್ಲಿಯೇ ಬಿಟ್ಟುಹೋಗಿ, ಆ ತಪ್ಪು ಕಾಗುಣಿತವೇ ಜಗತ್ತಿನ ನಿಯಮವಾಗಿ ನಿಂತಿರುವುದು ಗ್ರಂಥಸಂಪಾದಕರಿಗೆ ವಿನೋದವೆನಿಸಬಹುದು.) ಆದರೆ ಖಾಸಗಿತನದ ಕಾರಣದಿಂದ ಇದನ್ನು ನಡುದಾರಿಯಲ್ಲಿ ತೆಗೆದುಹಾಕುವುದುಂಟೆಂದೂ, ಗೂಢಲಿಪಿಯಿಲ್ಲದ ಸಂಪರ್ಕಗಳಲ್ಲಿ ಇದು ಹೆಚ್ಚೆಂದೂ ಬಾರ್ತ್, ಜಾಕ್ಸನ್, ಮಿಚೆಲ್ ಇವರು ೨೦೦೮ರಲ್ಲಿಯೇ ಅಳೆದು ತೋರಿಸಿ, ತಾಣದ ಹೆಸರನ್ನು ಮಾತ್ರ ತಿಳಿಸುವ 'ಆರಿಜಿನ್' ಎಂಬ ತಲೆಬರಹವನ್ನು ಸೂಚಿಸಿದರು. ಇಂದಿನ ಬ್ರೌಸರುಗಳಲ್ಲಿ ಅದು ಬಳಕೆಯಲ್ಲಿದೆ. ತಲೆಬರ��ವೇ ಇಲ್ಲದ ಕೋರಿಕೆಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ 'ನಡೆಯಲಿ ಬಿಡು' ಎಂದು ಉತ್ತರಿಸುವ ರೌಟರು, ಇಡೀ ಪರೀಕ್ಷೆಯನ್ನೇ ವ್ಯರ್ಥಮಾಡಿಕೊಳ್ಳುತ್ತದೆ. ತಲೆಬರಹವನ್ನು ಕಳುಹಿಸದಿರುವಂತೆ ಬ್ರೌಸರಿಗೆ ಹೇಳುವುದು ಕಳ್ಳನ ಪುಟಕ್ಕೆ ಕಷ್ಟವಲ್ಲ.

ಬ್ರೌಸರುಗಳ ತಯಾರಕರು ತಾವಾಗಿ ಮುಂದೆ ಬಂದು ಮಾಡಿರುವ ತಿದ್ದುಪಡಿಗಳೂ ಗಮನಾರ್ಹ. ವಿಳಾಸದಲ್ಲಿ ಪಾಸ್‌ವರ್ಡನ್ನು ಸೇರಿಸಿ ಪುಟದೊಳಗಿನ ಚಿತ್ರಾದಿಗಳನ್ನು ಕೋರುವುದನ್ನು ಕ್ರೋಮ್ ೨೦೧೭ರಲ್ಲಿ ನಿಷೇಧಿಸಿತು. ೨೦೨೦ರಿಂದ ಅದೇ ಬ್ರೌಸರು, ಅನ್ಯತಾಣದಿಂದ ಹೊರಟ ಚಿತ್ರಾದಿಗಳ ಕೋರಿಕೆಗಳೊಡನೆ ಕುಕಿಗಳನ್ನು ತಾನಾಗಿ ಕಳುಹಿಸದಿರುವ 'ಸೇಮ್‌ಸೈಟ್' ನಿಯಮವನ್ನು ಜಾರಿಗೆ ತಂದಿತು. ಇದರಿಂದ ಈ ದೋಷವೇ ಕೊನೆಗೊಂಡಿತೆಂಬ ಮಾತು ಕೇಳಿಬರುತ್ತಿದೆ. ದೊಡ್ಡ ತಾಣಗಳ ಮಟ್ಟಿಗೆ ಅದರಲ್ಲಿ ಸತ್ಯಾಂಶವಿರಬಹುದು; ಮನೆಯ ರೌಟರಿನ ಮಟ್ಟಿಗೆ ಒಪ್ಪಲಾಗದು. ಬೇಸಿಕ್ ಪದ್ಧತಿಯ ಪಾಸ್‌ವರ್ಡು ಕುಕಿಯಲ್ಲ. ಸೇಮ್‌ಸೈಟ್ ನಿಯಮ ಅದಕ್ಕೆ ತಗಲುವುದೇ ಇಲ್ಲ. ಒಮ್ಮೆ ಪ್ರವೇಶಿಸಿದ ಕಂಪ್ಯೂಟರಿನ ವಿಳಾಸವನ್ನೇ ಗುರುತಾಗಿಟ್ಟುಕೊಂಡು ಅಲ್ಲಿಂದ ಬಂದುದನ್ನೆಲ್ಲ ಒಪ್ಪುವ ರೌಟರುಗಳಿಗೂ ಅದರಿಂದ ಪ್ರಯೋಜನವಿಲ್ಲ.

ಹೊರಗಿನ ತಾಣವು ಮನೆಯೊಳಗಿನ ವಿಳಾಸವನ್ನು ಮುಟ್ಟುವ ಮೊದಲು ಒಪ್ಪಿಗೆ ಬೇಕೆಂಬ ಯೋಜನೆ ಇದಕ್ಕಿಂತ ಮೂಲಕ್ಕೆ ಹೋಗುತ್ತದೆ. ಮೊದಲು ಒಳಗಿನ ಸಾಧನವೇ ಒಪ್ಪಿಗೆಯನ್ನು ಸೂಚಿಸಬೇಕೆಂದು ಏರ್ಪಡಿಸಲು ಕ್ರೋಮ್ ತಯಾರಕರು ಯತ್ನಿಸಿದರು. ಅದನ್ನು ಪೂರ್ತಿಯಾಗಿ ಜಾರಿಗೆ ತರಲಾಗದೆ, ೨೦೨೫ರಲ್ಲಿ ಬಳಕೆದಾರನನ್ನೇ ಕೇಳುವ ಕ್ರಮಕ್ಕೆ ಬಂದರು. ಒಪ್ಪಿಗೆಯನ್ನು ತಕ್ಕ ಸಮಯದಲ್ಲಿ ಕೇಳುವುದು ಇದರ ಗುಣ. ಆದರೆ ಸ್ಥಳೀಯ ಜಾಲವೆಂದರೇನು ಎಂಬುದನ್ನು ತಿಳಿಯದ ಗೃಹಸ್ಥನ ಮುಂದೆ 'ಅನುಮತಿಸು' ಎಂಬ ಗುಂಡಿಯನ್ನಿಟ್ಟು ತೀರ್ಮಾನವನ್ನು ಅವನಿಗೆ ಬಿಟ್ಟುದು, ಹೊಣೆ ಮತ್ತೆ ಹಳೆಯ ಹೆಗಲಿಗೇ ಬಂದುದರ ಇನ್ನೊಂದು ನಿದರ್ಶನ.

ಶಾಸನಗಳಲ್ಲಿಯೂ ಇದೇ ಒಲವನ್ನು ಕಾಣುತ್ತೇವೆ. ೨೦೨೦ರ ಜನವರಿಯಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯದ ಕಾಯಿದೆ ಸಾಧನಕ್ಕೆ ತಕ್ಕ ಭದ್ರತೆ ಇರಬೇಕೆಂದು ಹೇಳಿ, ಅದನ್ನು ಪಾಸ್‌ವರ್ಡಿನ ಮೂಲಕ ವಿವರಿಸುತ್ತದೆ: ಪ್ರತಿಯೊಂದು ಸಾಧನಕ್ಕೂ ಬೇರೆ ಪಾಸ್‌ವರ್ಡು, ಇಲ್ಲವೆ ಮೊದಲ ಬಳಕೆಯಲ್ಲಿ ಅದನ್ನು ಬದಲಾಯಿಸುವ ಕಡ್ಡಾಯ. ೨೦೨೪ರ ಏಪ್ರಿಲ್ ೨೯ರಿಂದ ಜಾರಿಗೆ ಬಂದ ಬ್ರಿಟನ್ನಿನ ಕಾಯಿದೆ ಪಾಸ್‌ವರ್ಡಿನ ಜೊತೆಗೆ ದೋಷಗಳನ್ನು ವರದಿಮಾಡುವ ದಾರಿಯನ್ನೂ, ಎಷ್ಟು ಕಾಲ ತಿದ್ದುಪಡಿಗಳನ್ನು ಒದಗಿಸಲಾಗುವುದೆಂಬ ಘೋಷಣೆಯನ್ನೂ ಕೇಳುತ್ತದೆ. ಇದು ಮುಂದಿನ ಹೆಜ್ಜೆಯೇ ಸರಿ. ತಿದ್ದುಪಡಿಯ ದಾರಿಯಿಂದ ಕೂಟಕೋರಿಕೆಯ ದೋಷವೂ ಹೊರಗೆ ಹೋಗಬಹುದು. ಗುಪ್ತಾಂಕವಿಲ್ಲದ ನಮೂನೆಯನ್ನು ಮಾರಕೂಡದೆಂಬ ವಿಧಿ ಮಾತ್ರ ಇವೆರಡರಲ್ಲಿಯೂ ಇಲ್ಲ. ಭಾರತದಲ್ಲಿ, ಬೆಂಗಳೂರಿನಲ್ಲಿ ಕೇಂದ್ರ ಕಾರ್ಯಾಲಯವುಳ್ಳ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರವು ವೈ-ಫೈ ಉಪಕರಣಗಳಿಗಾಗಿಯೂ ಭದ್ರತಾ ನಿಯಮಾವಳಿಯನ್ನು ರೂಪಿಸಿದೆ. ತರಗತಿಯಲ್ಲಿ ಅದನ್ನು ಈ ದೃಷ್ಟಿಯಿಂದ ಓದಿಸಬಹುದು: ಯಾವ ವಿಧಿ 'ನೀನು ಯಾರು' ಎಂಬ ಪ್ರಶ್ನೆಗೆ ಸೇರಿದ್ದು, ಯಾವುದು 'ಮಾತು ಎಲ್ಲಿಂದ ಹೊರಟಿತು' ಎಂಬುದಕ್ಕೆ ಸೇರಿದ್ದು ಎಂದು ವಿಂಗಡಿಸುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ.

ಪ್ರಯೋಗವೂ ಕಷ್ಟವಲ್ಲ. ವಿದ್ಯಾರ್ಥಿಯು ತನ್ನ ಸ್ವಂತ ರೌಟರಿನ ಮೇಲೆ ಮಾತ್ರ ಇದನ್ನು ಮಾಡತಕ್ಕದ್ದು. ವ್ಯವಸ್ಥಾಪುಟದ ಮೂಲವನ್ನು ತೆರೆದು ನಮೂನೆಯಲ್ಲಿ ಅಡಗಿದ ಅಂಕವಿದೆಯೇ ಎಂದು ಮೊದಲು ನೋಡಬೇಕು. ಇದ್ದರೆ, ಪುಟವನ್ನು ಮತ್ತೆ ತರಿಸಿದಾಗ ಅಥವಾ ಹೊಸದಾಗಿ ಪ್ರವೇಶಿಸಿದಾಗ ಅದು ಬದಲಾಗುತ್ತದೆಯೇ ಎಂದು ನೋಡಬೇಕು. ಅನಂತರ ಆ ಅಂಕವನ್ನು ಅಳಿಸಿ ನಮೂನೆಯನ್ನು ಸಲ್ಲಿಸಬೇಕು. ಅಂಕವನ್ನು ಕಳುಹಿಸುವ ರೌಟರುಗಳೆಲ್ಲ ಅದನ್ನು ಹಿಂದಕ್ಕೆ ಕೇಳುತ್ತವೆಂದು ನಂಬುವಂತಿಲ್ಲ. ಅಂಕವಿಲ್ಲದ ನಮೂನೆಯನ್ನೂ ಸುಮ್ಮನೆ ಒಪ್ಪಿಕೊಳ್ಳುವ ರೌಟರಿನಲ್ಲಿ ಗುಪ್ತಾಂಕ ಇದ್ದೂ ಇಲ್ಲದಂತೆ.